ನಿಮಗಿದು ಗೊತ್ತೆ? ರೊಟ್ಟಿಯಷ್ಟೇ ಅಲ್ಲ, ಮಜ್ಜಿಗೆಯೂ ಇಳಿಯದು!

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಖಡಕ್ ರೊಟ್ಟಿ ಗಂಟಲಿಗೆ ಸಿಕ್ಕರೆ ಒಂದು ಗುಟುಕು ಮಜ್ಜಿಗೆ ಕುಡಿದು ಇಳಿಸುತ್ತಾರೆ. ಮಜ್ಜಿಗೆಯೂ ಪದೇ ಪದೇ ಎದೆಯಲ್ಲೇ ನಿಂತರೆ? ಅದು ‘ಅಕಲೇಸಿಯಾ’ ಇರಬಹುದು. ಸುಮಾರು 25 ಸೆಂ.ಮೀ. ಉದ್ದದ ಅನ್ನನಾಳದ ನರಕೋಶಗಳು ನಶಿಸಿ, ತುತ್ತನ್ನು ಕೆಳಗೆ ತಳ್ಳುವ ಚಲನೆ ಕೆಡುತ್ತದೆ. ಜಠರದ ಬಾಗಿಲಿನ ಸ್ನಾಯು ಸಡಿಲಗೊಳ್ಳುವುದಿಲ್ಲ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುವ ಅಪರೂಪದ ಕಾಯಿಲೆಯಿದು.

ಕಾಯಿಲೆ ಒಂದೇ, ನರಳಾಟ ಬೇರೆ ಬೇರೆ. ಒಬ್ಬರಿಗೆ ಉಂಡದ್ದು ಜೀರ್ಣವಾಗದೆ ಹಾಗೆಯೇ ಬಾಯಿಗೆ ಮರಳುತ್ತದೆ. ಇನ್ನೊಬ್ಬರಿಗೆ ಮಲಗಿದೊಡನೆ ಕೆಮ್ಮು. ಅದನ್ನು ಅಸ್ತಮಾ ಎಂದುಕೊಳ್ಳುವುದುಂಟು. ಕೆಲವರು ಎದೆನೋವಿಗೆ ಹೆದರಿ ಹೃದಯ ತಪಾಸಣೆಗೆ ಓಡುತ್ತಾರೆ. ಈ ಕಾಯಿಲೆಯ ಮೂರು ಬಗೆಗಳಲ್ಲಿ, ಅನ್ನನಾಳ ಸೆಳೆತದಿಂದ ಬಿಗಿಯುವ ಮೂರನೆಯದರಲ್ಲಿ ಈ ನೋವು ಹೆಚ್ಚು. ಕೆಲವರ ತೂಕ ಇಳಿಯುತ್ತದೆ, ಕೆಲವರದು ಇಳಿಯುವುದೇ ಇಲ್ಲ. ಎದೆಯುರಿಯೂ ಇರುವುದರಿಂದ ಆಸಿಡಿಟಿ ಗುಳಿಗೆ ನುಂಗುತ್ತ ವರ್ಷಗಟ್ಟಲೆ ಕಳೆಯುವವರಿದ್ದಾರೆ. ಇದು ನಿಜಕ್ಕೂ ನೋವಿನ ಸಂಗತಿ.

ಆರಂಭದಲ್ಲಿ ಎಂಡೋಸ್ಕೋಪಿಯಲ್ಲಿ ಏನೂ ಕಾಣದೆ ಹೋಗಬಹುದು. ಬೇರಿಯಂ ಎಕ್ಸ್-ರೇ ಮತ್ತು ಅನ್ನನಾಳದ ಒತ್ತಡ ಅಳೆಯುವ ಮ್ಯಾನೊಮೆಟ್ರಿ ಇದನ್ನು ಖಚಿತಪಡಿಸುತ್ತವೆ. ಬಿಗಿದ ಸ್ನಾಯುವನ್ನು ಸೀಳುವ ಶಸ್ತ್ರಚಿಕಿತ್ಸೆಯನ್ನು 1913ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಲ್ಲರ್ ಮಾಡಿದರು. ಈಗ ಹೊಟ್ಟೆ ಕೊಯ್ಯದೆ, ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿಯೂ ಅದನ್ನು ಮಾಡುತ್ತಾರೆ.