ಮಿದುಳಿಗೆ ಬಗ್ಗುವ ತಂತಿ, ಕೈಗೆ ಕೀಲಿಕೈ ಬೇಡ

ಹೊಳಲ್ಕೆರೆ ಕಡೆಯ ಒಂದು ಮದ್ರಸದಲ್ಲಿ ಕಳೆದ ವರ್ಷ ಪಾಠದ ನಡುವೆ ಹುಡುಗನೊಬ್ಬನಿಗೆ ಫಿಟ್ಸ್ ಬಂತು. ಯಾರೋ ಓಡಿ ಬಂದು ಅವನ ಕೈಗೆ ಕೀಲಿಕೈ ಗೊಂಚಲು ಇಟ್ಟರು. ಸಂಜೆ ತಾಯಿ ಬಂದು, "ಉಸ್ತಾದ್, ಇದು ಜಿನ್ನ್ ಉಪದ್ರವವಾ? ನೀರು ಮಂತ್ರಿಸಿ ಕೊಡಿ" ಅಂದರು. ನಾವು ದುಆ ಮಾಡಿದೆವು, ಡಾಕ್ಟರ ಹತ್ತಿರವೂ ಕಳಿಸಿದೆವು. ಈಗ ಮಾತ್ರೆಯಲ್ಲಿ ಹತೋಟಿಯಲ್ಲಿದೆ.

ಆದರೆ ಮೂವರು ರೋಗಿಗಳಲ್ಲಿ ಸುಮಾರು ಒಬ್ಬರಿಗೆ ಮಾತ್ರೆಯಿಂದ ಫಿಟ್ಸ್ ನಿಲ್ಲುವುದಿಲ್ಲ. ಅಂಥವರಿಗೆ ಆಪರೇಷನ್ ಮಾಡಬೇಕಾದರೆ ಮಿದುಳಿನ ಯಾವ ಜಾಗದಿಂದ ತೊಂದರೆ ಶುರುವಾಗುತ್ತದೆ ಅಂತ ಗೊತ್ತಾಗಬೇಕು. ಮಿದುಳು ಗಟ್ಟಿ ಮೊಸರಿನ ಹಾಗೆ ಮೆದು. ಸಿಲಿಕಾನಿನ ಗಡಸು ಸೂಜಿ ಒಳಗಿಟ್ಟರೆ ಸುತ್ತ ಗಾಯದ ಪೊರೆ ಬೆಳೆದು, ದಿನ ಕಳೆದಂತೆ ಸಿಗ್ನಲ್ ಮಂದವಾಗುತ್ತದೆ. ಅದಕ್ಕೇ ಈಗ ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ಕಿನ ಪದರ ಹರಡಿ, ಮೇಲೆ ಚಿನ್ನ ಇಲ್ಲವೇ ಪ್ಲಾಟಿನಂನ ಸಣ್ಣ ಗೆರೆ ಎಳೆದು, ಇನ್ನೊಂದು ಪದರ ಮುಚ್ಚಿ, ಸಿಪ್ಪೆ ಸುಲಿದಂತೆ ಬಿಡಿಸಿಕೊಳ್ಳುತ್ತಾರೆ. ಕೆಲವದರಲ್ಲಿ ಸಣ್ಣ ಕಾಲುವೆಯೂ ಇರುತ್ತದೆ. ಔಷಧ ಇಡೀ ಮೈಗೆ ಹರಡದೆ ಬೇಕಾದ ಜಾಗಕ್ಕೇ ಹನಿಯಬೇಕು ಅಂತ. ಇಷ್ಟು ಮೆತ್ತಗಿನದು ಒಳಗೆ ಹೋಗುವುದು ಹೇಗೆ? ಕರಗುವ ಲೇಪ ಹಚ್ಚಿ ಗಟ್ಟಿ ಮಾಡುತ್ತಾರೆ. ಒಳಗೆ ಹೋದ ಮೇಲೆ ಲೇಪ ಕರಗುತ್ತದೆ, ತಂತಿ ಮೆತ್ತಗಾಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಾರ್ದಿಕ್ ಪಾಂಡ್ಯ (ಕ್ರಿಕೆಟಿನವರಲ್ಲ, ಪ್ರೊಫೆಸರ್) ಅವರ ತಂಡ ಇಂಥ ಬಗ್ಗುವ ಎಲೆಕ್ಟ್ರೋಡುಗಳನ್ನು ತಯಾರಿಸಿ ಇಲಿಗಳ ಮಿದುಳಿನ ಸಿಗ್ನಲ್ ದಾಖಲಿಸಿದೆ. ಅದೇ ಸಂಸ್ಥೆಯ ಎರಡನೇ ಆವರಣ ನಮ್ಮ ಜಿಲ್ಲೆಯ ಚಳ್ಳಕೆರೆ ಹತ್ತಿರ ಕುದಾಪುರದಲ್ಲಿದೆ. ಹಿರಿಯೂರು, ಹೊಸದುರ್ಗದ ನಮ್ಮ ಮಕ್ಕಳು ವಿಜ್ಞಾನ ಓದಿದರೆ ಸೇರುವಷ್ಟು ಹತ್ತಿರ. ಆದರೆ ಔಷಧ ಹನಿಸುವ ತಂತಿ ನಾಳೆಯೇ ಆಸ್ಪತ್ರೆಗೆ ಬರುತ್ತದೆ ಅಂತ ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಅದಿನ್ನೂ ಪ್ರಯೋಗದ ಹಂತದಲ್ಲಿದೆ.

ಫಿಟ್ಸ್ ಇದ್ದ ಮಹಿಳೆಯೊಬ್ಬರು ಪ್ರವಾದಿಯವರ (ಸ.ಅ.) ಹತ್ತಿರ ಬಂದು ತಮ್ಮ ಕಷ್ಟ ಹೇಳಿಕೊಂಡದ್ದು ಬುಖಾರಿಯಲ್ಲಿದೆ. ಆಕೆ ರೋಗ ಮುಚ್ಚಿಡಲಿಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳಿಗಿದ್ದರೆ ನಿಕಾಹ್ ಆಗುವ ತನಕ ಮುಚ್ಚಿಟ್ಟು, ಮಾತ್ರೆಯನ್ನೂ ಕದ್ದು ನುಂಗಿಸುತ್ತಾರೆ. ಮದುವೆ ಮನೆಯಲ್ಲಿ ಆ ಮಾತ್ರೆ ತಪ್ಪಿದರೆ ಗತಿಯೇನು?

ಫಿಟ್ಸ್ ಬಂದಾಗ ಮಗ್ಗುಲಿಗೆ ಮಲಗಿಸಿ, ಕುತ್ತಿಗೆಯ ಬಟ್ಟೆ ಸಡಿಲಿಸಿ. ಬಾಯಿಗೆ ಏನೂ ಹಾಕಬೇಡಿ, ನೀರೂ ಬೇಡ. 5 ನಿಮಿಷ ದಾಟಿದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ರಮಝಾನ್ ಬರುವ ಮುಂಚೆಯೇ ಮಾತ್ರೆಯ ಹೊತ್ತಿನ ಬಗ್ಗೆ ಡಾಕ್ಟರ ಹತ್ತಿರ ಕೇಳಿಕೊಳ್ಳಿ. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಇದೆ. ಆ ಹುಡುಗನ ತಾಯಿಗೂ ನಾವು ಇದನ್ನೇ ಹೇಳಿದ್ದೇವೆ.