ಜೀವ ತಳೆದ ಮರಳು

ಕೈಜಿ ಕಡಲತೀರಕ್ಕೆ ಬಂದವರು ಯಾರೂ ನೀರಿಗಿಳಿಯುವುದಿಲ್ಲ. ಸೆಳೆತ ಜೋರಾಗಿರುವುದರಿಂದ ಅಲ್ಲಿ ಈಜುವುದಕ್ಕೆ ನಿಷೇಧವಿದೆ. ಬಂದವರೆಲ್ಲ ದಡದ ಮರಗಳ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತು, ಅಂಗೈಯನ್ನು ಮರಳಿಗೆ ಒತ್ತಿ, ಮೆಲ್ಲಗೆ ಎತ್ತಿ ಕಣ್ಣಿನ ಹತ್ತಿರ ಹಿಡಿಯುತ್ತಾರೆ. ಅಂಟಿಕೊಂಡಿದ್ದರಲ್ಲಿ ಹವಳದ ಚೂರು, ಚಿಪ್ಪಿನ ಪುಡಿಯೇ ಹೆಚ್ಚು. ತಾಳ್ಮೆಯಿಂದ ನೋಡಿದರೆ ನಡುವೆ ರಾಗಿ ಕಾಳಿನಷ್ಟು ದೊಡ್ಡ, ಐದೋ ಆರೋ ಮೊನೆಗಳಿರುವ, ಕೆನೆಬಣ್ಣದ ನಕ್ಷತ್ರವೊಂದು ಸಿಗುತ್ತದೆ.

ಈ ತೀರ ಇರುವುದು ಜಪಾನಿನ ನೈಋತ್ಯ ತುದಿಯಲ್ಲಿ, ಒಕಿನಾವಾ ಪ್ರಾಂತ್ಯದ ಯಾಯೆಯಾಮಾ ದ್ವೀಪಸಮೂಹಕ್ಕೆ ಸೇರಿದ ತಾಕೆತೋಮಿಯಲ್ಲಿ. ಟೋಕಿಯೋಗಿಂತ ತೈವಾನ್ ಹತ್ತಿರ. ದ್ವೀಪದ ವಿಸ್ತೀರ್ಣ ಐದೂವರೆ ಚದರ ಕಿಲೋಮೀಟರಿಗೂ ಕಡಿಮೆ. ವಾಸವಿರುವವರು ಕೆಲವು ನೂರು ಜನ. ವಿಮಾನ ಇಳಿಯುವುದು ಪಕ್ಕದ ಇಶಿಗಾಕಿಯಲ್ಲಿ. ಅಲ್ಲಿಂದ ದೋಣಿಯಲ್ಲಿ ಹದಿನೈದು ನಿಮಿಷದೊಳಗೆ ತಾಕೆತೋಮಿ ತಲುಪಬಹುದು. ಹಗಲೆಲ್ಲ ಪ್ರವಾಸಿಗರ ಓಡಾಟವಿದ್ದರೂ ಸಂಜೆಯ ಕೊನೆಯ ದೋಣಿ ಹೊರಟ ಮೇಲೆ ಊರು ಊರಿನವರದಾಗುತ್ತದೆ.

ನಕ್ಷತ್ರದ ಮರಳು ಎಲ್ಲಿಂದ ಬಂತು ಎಂಬುದಕ್ಕೆ ದ್ವೀಪದ ಹಿರಿಯರು ಹೇಳಿಕೊಂಡು ಬಂದ ಕಥೆಯೊಂದಿದೆ. ಧ್ರುವ ನಕ್ಷತ್ರ ಮತ್ತು ತ್ರಿಶಂಕು ನಕ್ಷತ್ರಪುಂಜ ದಂಪತಿ. ತುಂಬು ಗರ್ಭಿಣಿ ತ್ರಿಶಂಕು ತಾಕೆತೋಮಿಯ ದಕ್ಷಿಣದ ಕಡಲಿನಲ್ಲಿ ಮಕ್ಕಳನ್ನು ಹೆರುತ್ತಾಳೆ. ತನ್ನನ್ನು ಒಂದು ಮಾತೂ ಕೇಳಲಿಲ್ಲವೆಂದು ಸಿಟ್ಟಾದ ಕಡಲದೇವ ಹೆಬ್ಬಾವನ್ನು ಕಳಿಸಿ ಆ ಶಿಶುಗಳನ್ನೆಲ್ಲ ನುಂಗಿಸುತ್ತಾನೆ. ದಡಕ್ಕೆ ತೇಲಿಬಂದ ಪುಟ್ಟ ಮೂಳೆಗಳನ್ನು ದ್ವೀಪದ ದೇವತೆಯೊಬ್ಬಳು ಆಯ್ದು ತನ್ನ ಧೂಪದ ಪಾತ್ರೆಯಲ್ಲಿಡುತ್ತಾಳೆ. ಧೂಪದ ಹೊಗೆಯೊಂದಿಗೆ ಮಕ್ಕಳು ಮೇಲೇರಿ ತಾಯಿಯ ಸುತ್ತ ನಕ್ಷತ್ರಗಳಾಗುತ್ತಾರೆ. ತ್ರಿಶಂಕು ಕಾಣಿಸುವಷ್ಟು ದಕ್ಷಿಣದಲ್ಲಿರುವ ಜಾಗಗಳು ಜಪಾನಿನಲ್ಲಿ ಬಹಳ ಕಡಿಮೆ, ಯಾಯೆಯಾಮಾ ಅವುಗಳಲ್ಲೊಂದು. ಆಕಾಶವನ್ನೂ ದಡವನ್ನೂ ಒಟ್ಟಿಗೆ ನೋಡುತ್ತಾ ಬದುಕಿದವರು ಕಟ್ಟಿದ ಕಥೆಯಿದು.

ಮರಳಿನ ಈ ಕಣಗಳು ಕಲ್ಲು ಸವೆದು ಆದವಲ್ಲ, ಬದುಕಿದ್ದ ಜೀವಿಗಳ ಅಸ್ಥಿ ಎಂಬ ಮಾತನ್ನು ಸೂಕ್ಷ್ಮದರ್ಶಕವಿಲ್ಲದೆಯೇ ಆ ಕಥೆ ಹೇಳಿಬಿಟ್ಟಿದೆ. ವಿಜ್ಞಾನವೂ ಅದನ್ನೇ ಹೇಳುತ್ತದೆ. ನಕ್ಷತ್ರದ ಒಡೆಯ ಫೊರಾಮಿನಿಫೆರಾ ಗುಂಪಿಗೆ ಸೇರಿದ ಏಕಕೋಶ ಜೀವಿ. ಬ್ಯಾಕ್ಯುಲೋಜಿಪ್ಸಿನಾ ಸ್ಫೆರುಲೇಟಾ ಎಂದು ಅದರ ಹೆಸರು. ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾದರೂ ಇಡೀ ಮೈಯೇ ಒಂದು ಕೋಶ. ಹವಳದ ದಿಬ್ಬದ ಮೇಲಿನ ತೆಳುನೀರಿನಲ್ಲಿ, ಪಾಚಿಯ ಎಳೆಗಳನ್ನು ಮೊನೆಗಳ ತುದಿಯಿಂದ ಹಿಡಿದುಕೊಂಡು ಬಾಳುತ್ತದೆ. ಒಳಗೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳಿಗೆ ಜಾಗ ಕೊಟ್ಟಿರುತ್ತದೆ. ಅವು ಬಿಸಿಲಿನಿಂದ ಆಹಾರ ತಯಾರಿಸಿದರೆ ಇಬ್ಬರ ಹೊಟ್ಟೆಯೂ ತುಂಬುತ್ತದೆ. ಬದುಕಿರುವಾಗ ಅದರ ಬಣ್ಣ ಹಳದಿಗಂದು. ಅದು ಆ ಡಯಾಟಮ್‌ಗಳ ಬಣ್ಣ.

ಕಡಲನೀರಿನ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಚಿಪ್ಪು ಕಟ್ಟಿಕೊಂಡು, ಕೋಣೆಯ ಮೇಲೆ ಕೋಣೆ ಸೇರಿಸುತ್ತಾ ಬೆಳೆಯುವ ಈ ಜೀವಿ ಸಂತಾನದ ಹೊತ್ತಿಗೆ ತನ್ನನ್ನೇ ಹಂಚಿಬಿಡುತ್ತದೆ. ತಾಯಿಯ ಜೀವದ್ರವ್ಯವೆಲ್ಲ ನೂರಾರು ಮರಿಗಳಾಗಿ ಹೊರಬರುತ್ತದೆ. ಉಳಿಯುವುದು ಬರಿದಾದ ಚಿಪ್ಪು. ಅಲೆಗಳು, ಚಂಡಮಾರುತಗಳು ಅದನ್ನು ದಡಕ್ಕೆ ತಂದು ಹಾಕುತ್ತವೆ. ಉರುಳಾಡಿದಷ್ಟೂ ಮೊನೆ ಸವೆದು ಕಣ ಗುಂಡಗಾಗುತ್ತದೆ. ಹಾಗಾಗಿ ಅಂಗೈಗೆ ಸಿಕ್ಕ ಚೂಪಾದ ನಕ್ಷತ್ರ ಸಾಮಾನ್ಯವಾಗಿ ಹೊಸದಾಗಿ ಬಂದದ್ದು. ಮೈ ದುಂಡಗಿದ್ದು ಸುತ್ತ ಮೊಂಡು ಮೊನೆಗಳಿರುವ ಇನ್ನೊಂದು ಬಗೆಯ ಕಣವೂ ಅಲ್ಲಿದೆ. ಅದು ಕ್ಯಾಲ್ಕರಿನಾ ಎಂಬ ಹತ್ತಿರದ ಬಂಧುವಿನ ಚಿಪ್ಪು. ಜಪಾನಿನವರು ಅದನ್ನು ಸೂರ್ಯನ ಮರಳು ಎನ್ನುತ್ತಾರೆ.

ಅಂದರೆ ಈ ತೀರ ಒಮ್ಮೆ ಆಗಿ ಮುಗಿದದ್ದಲ್ಲ. ಕಡಲಿನಲ್ಲಿ ಜೀವಿಗಳು ಹುಟ್ಟುತ್ತಲೇ ಇದ್ದರೆ ಮಾತ್ರ ಮರಳು ಬರುತ್ತಲೇ ಇರುತ್ತದೆ. ಅವುಗಳಿಗೆ ಬೇಕಾದದ್ದು ಬಿಸಿಲು ಇಳಿಯುವ ತಿಳಿನೀರು. ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿ, ಮಜುರೊ ಹವಳದ್ವೀಪದ ಸುತ್ತ ಜಪಾನಿ ಸಂಶೋಧಕರು ನಡೆಸಿದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಜನ ವಿರಳವಾಗಿರುವ ಕಿರುದ್ವೀಪಗಳ ಬಳಿ ಫೊರಾಮಿನಿಫೆರಾಗಳು ದಟ್ಟವಾಗಿದ್ದರೆ, ಜನ ಕಿಕ್ಕಿರಿದ ಕಡೆ ಅವು ತೀರಾ ಕಡಿಮೆ. ಮಜುರೊದಂಥ ದ್ವೀಪಗಳ ನೆಲವೇ ಬಹುಪಾಲು ಇಂಥ ಚಿಪ್ಪುಗಳಿಂದ ಆದದ್ದು. ಆದ್ದರಿಂದ ಅಲ್ಲಿ ಇದು ಊರಿನ ಅಳಿವು ಉಳಿವಿನ ವಿಚಾರ.

ತಾಕೆತೋಮಿಯಲ್ಲಿ ಜನ ಕಿಕ್ಕಿರಿಯದೆ ಉಳಿದದ್ದು ತಾನಾಗಿ ಆದದ್ದಲ್ಲ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಆಡಳಿತದಲ್ಲಿದ್ದ ಒಕಿನಾವಾ 1972ರಲ್ಲಿ ಜಪಾನಿಗೆ ಮರಳಿತು. ಅದರ ಹಿಂದಿನ ವರ್ಷ ಯಾಯೆಯಾಮಾಕ್ಕೆ ಭೀಕರ ಬರ, ಅದರ ಬೆನ್ನಿಗೇ ಚಂಡಮಾರುತ. ಬೆಳೆ ಕಳೆದುಕೊಂಡವರು ಊರು ಬಿಡುತ್ತಿದ್ದ ಆ ಹೊತ್ತಿನಲ್ಲೇ, ಮುಂದೆ ಪ್ರವಾಸೋದ್ಯಮ ಬರುವುದೆಂದು ಲೆಕ್ಕ ಹಾಕಿದ ಹೊರಗಿನ ಬಂಡವಾಳಗಾರರು ಜಮೀನು ಕೊಳ್ಳತೊಡಗಿದರು. ಊರಿನವರು ಸಂಘ ಕಟ್ಟಿ ವಿರೋಧಿಸಿದರು. 1986ರಲ್ಲಿ ತಮ್ಮದೇ ಸನ್ನದು ಬರೆದುಕೊಂಡರು: ದ್ವೀಪವನ್ನು ಮಾರಬಾರದು, ಹೊಲಸು ಮಾಡಬಾರದು, ಕೆಡಿಸಬಾರದು, ಒಡೆಯಬಾರದು, ಇರುವುದನ್ನು ಬಾಳಿಸಬೇಕು. ಮರುವರ್ಷವೇ ಹವಳಗಲ್ಲಿನ ಗೋಡೆ, ಕೆಂಪು ಹೆಂಚಿನ ಮನೆಗಳ ಆ ಹಳ್ಳಿಯನ್ನು ಜಪಾನ್ ಸರ್ಕಾರ ಸಂರಕ್ಷಿತ ಪಾರಂಪರಿಕ ಪ್ರದೇಶವಾಗಿ ಆಯ್ಕೆ ಮಾಡಿತು. ಬೀದಿಗೆ ಹಾಸಿರುವುದು ಇಂದಿಗೂ ಬಿಳಿ ಹವಳದ ಮರಳೇ. ಮನೆಯವರು ಬೆಳಿಗ್ಗೆ ಎದ್ದು ಅದನ್ನು ಗುಡಿಸುತ್ತಾರೆ.

ಸನ್ನದಿನಿಂದ ಕಡಲಿನ ಬಿಸಿಯನ್ನು ತಡೆಯಲಾಗದು. ಇಶಿಗಾಕಿ ಮತ್ತು ಇರಿಯೊಮೋತೆ ನಡುವಿನ ಸೆಕಿಸೆ ಹವಳವಲಯ 1998ರಲ್ಲಿ, ಮತ್ತೆ 2016ರಲ್ಲಿ ಬಿಸಿಯಾದ ನೀರಿಗೆ ಬಿಳಿಚಿಕೊಂಡು ಭಾರೀ ನಷ್ಟ ಕಂಡಿತು. ತಾಕೆತೋಮಿ ಇರುವುದು ಅದೇ ನೀರಿನಲ್ಲಿ. ಮರಳನ್ನು ಮನೆಗೆ ಒಯ್ಯಬೇಡಿ ಎಂದು ಬಂದವರನ್ನು ಈಗ ಕೇಳಿಕೊಳ್ಳಲಾಗುತ್ತದೆ. 2019ರ ಸೆಪ್ಟೆಂಬರಿನಿಂದ ದ್ವೀಪಕ್ಕೆ ಬರುವವರಿಂದ 300 ಯೆನ್ ಪಡೆಯಲಾಗುತ್ತಿದೆ. ಕಡ್ಡಾಯವಿಲ್ಲ, ಕೊಡುವವರು ಕೊಡಬಹುದು. ಆ ಹಣದಲ್ಲಿ ಒಂದು ಪಾಲು ಪರಿಸರ ರಕ್ಷಣೆಗೆ ಹೋಗುತ್ತದೆ. ಇನ್ನೊಂದು ಪಾಲು, ಅಂದು ಹೊರಗಿನವರ ಕೈಸೇರಿದ ಜಮೀನನ್ನು ಮರಳಿ ಕೊಳ್ಳುವುದಕ್ಕೆ.