ಹೊಸ ರಾಷ್ಟ್ರದ ಮೊದಲ ನೋಟುಗಳು

ಹಳೆಯ ನೋಟುಗಳನ್ನು ಸಂಗ್ರಹಿಸುವವನಿಗೆ ಮನೆಗೆ ಬಂದವರು ಸಾಮಾನ್ಯವಾಗಿ ಎರಡು ಪ್ರಶ್ನೆ ಹಾಕುತ್ತಾರೆ. ಇದಕ್ಕೆ ಈಗ ಬೆಲೆ ಎಷ್ಟು ಎಂಬುದು ಒಂದು. ಇದು ಎಲ್ಲಿಯಾದರೂ ನಡೆಯುತ್ತದೆಯೇ ಎಂಬುದು ಮತ್ತೊಂದು. ನನ್ನಲ್ಲಿರುವ ಲಾಟ್ವಿಯ ದೇಶದ ಇಪ್ಪತ್ತು ಚಿಲ್ಲರೆ ನೋಟುಗಳ ಮಟ್ಟಿಗೆ ಎರಡನೆಯ ಪ್ರಶ್ನೆಗೆ ಉತ್ತರ ಸುಲಭ. ಅವು ಎಲ್ಲಿಯೂ ನಡೆಯುವುದಿಲ್ಲ. ನನ್ನ ಕುತೂಹಲವಿರುವುದು ಬೇರೆ ಕಡೆ. ಇವು ಒಂದು ಕಾಲಕ್ಕೆ ನಡೆದುವಲ್ಲ, ಅದು ಹೇಗೆ ಸಾಧ್ಯವಾಯಿತು? ಖಜಾನೆಯಲ್ಲಿ ಚಿನ್ನವಿಲ್ಲದ, ರಾಜಧಾನಿಯೇ ಕೈಯಲ್ಲಿಲ್ಲದ ಒಂದು ಸರಕಾರ ಕೊಟ್ಟ ಕಾಗದವನ್ನು ನಂಬಿ, ರೈತನೊಬ್ಬ ತನ್ನ ರೈಯ ಧಾನ್ಯವನ್ನು ಅಳೆದುಕೊಟ್ಟನಲ್ಲ, ಏಕೆ?

ಬಾಲ್ಟಿಕ್ ಸಮುದ್ರದ ಪೂರ್ವ ದಂಡೆಯ ಮೇಲೆ ಎಸ್ಟೋನಿಯ, ಲಾಟ್ವಿಯ, ಲಿಥುವೇನಿಯ ಎಂಬ ಮೂರು ಪುಟ್ಟ ದೇಶಗಳಿವೆ. ಮೂರೂ ರಷ್ಯದ ಚಕ್ರವರ್ತಿಯ ಆಳ್ವಿಕೆಯಲ್ಲಿದ್ದು, ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಸ್ವತಂತ್ರವಾದುವು. ನಡುವಣ ಲಾಟ್ವಿಯ ತನ್ನ ಸ್ವಾತಂತ್ರ್ಯವನ್ನು ಸಾರಿದ್ದು 1918ರ ನವೆಂಬರ್ 18ರಂದು, ರೀಗಾ ನಗರದ ಒಂದು ನಾಟಕಶಾಲೆಯಲ್ಲಿ. ಸಾರಿ ಏಳು ವಾರ ಕಳೆಯುವಷ್ಟರಲ್ಲಿ ಕೆಂಪು ಸೈನ್ಯ ರೀಗಾವನ್ನು ಹಿಡಿಯಿತು. ಕಾರ್ಲಿಸ್ ಉಲ್ಮಾನಿಸ್ ಅವರ ತಾತ್ಕಾಲಿಕ ಸರಕಾರ ಪಶ್ಚಿಮದ ಲಿಯೆಪಾಯಾ ಬಂದರಿಗೆ ಹಿಮ್ಮೆಟ್ಟಿತು. ಆ ಸರಕಾರ ತನ್ನದೇ ರೂಬಲನ್ನು ಹೊರಡಿಸಲು ನಿರ್ಧರಿಸಿದ್ದು ಅಲ್ಲಿಂದಲೇ, 1919ರ ಮಾರ್ಚಿಯಲ್ಲಿ. ಏಪ್ರಿಲಿನಲ್ಲಿ ಜರ್ಮನರ ಬೆಂಬಲದ ದಂಗೆಯಾಗಿ ಅದೇ ಸರಕಾರ ಬಂದರಿನಲ್ಲಿ ನಿಂತಿದ್ದ ‘ಸರಾತೊವ್’ ಎಂಬ ಹಡಗನ್ನು ಹತ್ತಿ ಕುಳಿತುಕೊಳ್ಳಬೇಕಾಯಿತು. ಹಡಗಿನಲ್ಲಿರುವ ಸರಕಾರದ ಕಾಗದಕ್ಕೆ ಯಾರು ಬೆಲೆ ಕೊಟ್ಟಾರು ಎಂದು ತಮಗೆ ಅನ್ನಿಸಬಹುದು. ಆಗಿನವರಿಗೂ ಅನ್ನಿಸಿರಬೇಕು.

ಆದರೆ ಆ ಜನಕ್ಕೆ ಬೇರೆ ಯಾವ ಕಾಗದ ತಾನೇ ನೆಟ್ಟಗಿತ್ತು? ಅವರ ಸಂತೆಯಲ್ಲಿ ಆಗ ಓಡಾಡುತ್ತಿದ್ದ ಹಣವನ್ನು ನೋಡಿ. ಗತಿಸಿಹೋದ ಚಕ್ರವರ್ತಿಯ ರೂಬಲ್ಲುಗಳು. ಅವನ ನಂತರ ಬಂದು ಹೋದ ಕೆರೆನ್ಸ್ಕಿಯ ನೋಟುಗಳು. ಆಕ್ರಮಿಸಿದ ಜರ್ಮನರು ಅಚ್ಚುಹಾಕಿಸಿದ ‘ಓಸ್ಟ್’ ರೂಬಲ್ ಮತ್ತು ಮಾರ್ಕುಗಳು. ಚಿಲ್ಲರೆಗಾಗಿ ಪಟ್ಟಣಗಳು ತಾವೇ ಹೊರಡಿಸಿಕೊಂಡ ಚೀಟಿಗಳು. ರೀಗಾದ ಕಾರ್ಮಿಕರ ಸೋವಿಯತ್ತು ತನ್ನದೇ ನೋಟು ತಂದಿತು. ಬೆರ್ಮಾಂಟ್ ಎಂಬ ಸಾಹಸಿಯ ಸೈನ್ಯ 1919ರ ಅಕ್ಟೋಬರಿನಲ್ಲಿ ಯೆಲ್ಗಾವಾ ಪಟ್ಟಣದಿಂದ ಜರ್ಮನ್, ರಷ್ಯನ್ ಎರಡೂ ಭಾಷೆಗಳಲ್ಲಿ ಮಾರ್ಕುಗಳನ್ನು ಹೊರಡಿಸಿತು. ಒಂದೇ ವರ್ಷದಲ್ಲಿ, ನಮ್ಮ ಕರ್ನಾಟಕದ ಅರ್ಧಕ್ಕಿಂತಲೂ ಚಿಕ್ಕದಾದ ನಾಡಿನಲ್ಲಿ, ಇಷ್ಟು ಬಗೆಯ ಹಣ! ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬೇಗ ದಾಟಿಸಬೇಕು ಎಂಬುದು ಪ್ರತಿ ಮನೆಯ ಚಿಂತೆಯಾಗಿತ್ತು.

ನನ್ನ ಸಂಗ್ರಹದ ಒಂದು ರೂಬಲ್ ನೋಟಿನ ಅಂಚಿನುದ್ದಕ್ಕೂ ಸೂಜಿಯ ತೂತುಗಳಿವೆ. ಅದನ್ನು ನನಗೆ ಕಳುಹಿಸಿದವರು ರೀಗಾದ ಒಬ್ಬ ವೃದ್ಧರು. ಊರು ಬಿಡುವಾಗ ಅವರ ಅಜ್ಜಿ ಅದನ್ನು ಲಂಗದ ಮಡಿಕೆಯೊಳಗೆ ಇಟ್ಟು ಹೊಲಿದಿದ್ದಳಂತೆ. ಜೊತೆಯಲ್ಲಿಯೇ ಸೋವಿಯತ್ತಿನ ನೋಟೂ ಇತ್ತಂತೆ. ಯಾರು ಗೆದ್ದರೂ ರೊಟ್ಟಿಗೆ ಮೋಸವಾಗಬಾರದಲ್ಲ! ವ್ಯಾಪಾರಿಗಳ ದೃಷ್ಟಿಯಲ್ಲಿ ಈ ತೂತುಗಳಿಂದ ನೋಟಿನ ಬೆಲೆ ಕುಗ್ಗುತ್ತದೆ. ಗರಿಗರಿಯಾದ, ಮಡಿಕೆ ಕಾಣದ ನೋಟಿಗೇ ಅವರು ಹೆಚ್ಚು ಹಣ ಕೇಳುತ್ತಾರೆ. ಯಾರ ಕೈಗೂ ಹೋಗದೆ ಉಳಿದ ನೋಟು ಚೆಂದವಾಗಿರುತ್ತದೆ, ಒಪ್ಪಿದೆ. ಆದರೆ ಅದನ್ನು ಯಾರೂ ನಂಬಿ ತೆಗೆದುಕೊಂಡಿಲ್ಲ ಎಂಬುದೂ ಅಷ್ಟೇ ನಿಜ. ನಾನು ಕೊಳಕು ನೋಟುಗಳ ಪಕ್ಷದವನು.

ಕೊಳೆಯಲ್ಲಿಯೂ ಸಾಚಾ ಕೊಳೆ ಬೇಕು. ಹಳೆಯ ನೋಟನ್ನು ನೀರಿನಲ್ಲಿ ತೊಳೆದು, ಇಸ್ತ್ರಿ ಹಾಕಿ, ಹೊಸದೆಂದು ಮಾರುವವರಿದ್ದಾರೆ. ಅಂಥದನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಅಳಿಸಿದ ಮಡಿಕೆಯ ಗೆರೆ ತಾನಾಗಿ ತೋರುತ್ತದೆ. ಕಾಗದ ಸತ್ತಂತೆ ಸಪ್ಪಗಿರುತ್ತದೆ, ಬಣ್ಣಗಳ ಅಂಚು ಕದಡಿರುತ್ತದೆ. ಬೆನ್ನ ಕಡೆ ಬೆಳಕಿಟ್ಟು ನೀರುಗುರುತನ್ನು ನೋಡಬೇಕು. ಆಮೇಲೆ ರುಜು. ಈ ನೋಟುಗಳ ಮೇಲೆ ಪುರಿನ್ಷ್, ಎರ್ಹಾರ್ಡ್ಸ್, ಕಾಲ್ನಿನ್ಷ್ ಎಂಬ ಹಣಕಾಸು ಮಂತ್ರಿಗಳ ರುಜುಗಳು ಸಿಗುತ್ತವೆ. ಒಂದೇ ನೋಟು ರುಜು ಬದಲಾದೊಡನೆ ಸಂಗ್ರಾಹಕನಿಗೆ ಬೇರೆಯೇ ನೋಟಾಗುತ್ತದೆ.

ಸಾಹಿತ್ಯಾಸಕ್ತರಿಗೆ ಇದಕ್ಕಿಂತ ರುಚಿಸುವ ಒಂದು ಸಂಗತಿಯಿದೆ. 1919ರ ನೋಟುಗಳಲ್ಲಿ ದೇಶದ ಹೆಸರಿನಲ್ಲಿಯ ವಕಾರವನ್ನು ಜರ್ಮನ್ ಪದ್ಧತಿಯಂತೆ ‘ಡಬ್ಲ್ಯೂ’ ಅಕ್ಷರದಿಂದ ಬರೆದಿದೆ. ಮುಂದೆ ಬಂದ ಲಾಟ್ಸ್ ನೋಟುಗಳಲ್ಲಿ ಅದೇ ಹೆಸರು ‘ವಿ’ ಅಕ್ಷರದಿಂದ ಬರುತ್ತದೆ. ಜರ್ಮನ್ ಪಾದ್ರಿಗಳು ರೂಢಿಸಿದ್ದ ಬರವಣಿಗೆಯನ್ನು ಕಳಚಿ, ಒಂದು ಭಾಷೆ ತನಗೆ ಒಪ್ಪುವ ಕಾಗುಣಿತವನ್ನು ತೊಡುತ್ತಿದ್ದ ಹೊತ್ತು ಅದು. ವ್ಯಾಕರಣ ಗ್ರಂಥ ತಲುಪದ ಮನೆಗೂ ನೋಟು ತಲುಪುತ್ತದೆ.

ಈ ನೋಟುಗಳನ್ನು ಕುರಿತು ಮಾತನಾಡುವಾಗ ರಿಹಾರ್ಡ್ಸ್ ಜರಿನ್ಷ್ ಎಂಬ ಕಲಾವಿದನನ್ನು ಬಿಡುವಂತಿಲ್ಲ. 1869ರಲ್ಲಿ ಹುಟ್ಟಿದ ಈತ ಪೀಟರ್ಸ್‌ಬರ್ಗಿನಲ್ಲಿ ಚಕ್ರವರ್ತಿಯ ನೋಟು, ಅಂಚೆಚೀಟಿಗಳನ್ನು ಅಚ್ಚುಹಾಕುವ ಮುದ್ರಣಾಲಯದಲ್ಲಿ ದುಡಿದವನು. 1913ರಲ್ಲಿ ರೊಮಾನೊವ್ ವಂಶದ ಮುನ್ನೂರನೆಯ ವರ್ಷಕ್ಕೆ ಬಂದ ಅಂಚೆಚೀಟಿಗಳನ್ನು ಬರೆದವರಲ್ಲಿ ಈತನೂ ಒಬ್ಬ. ಯುದ್ಧದಲ್ಲಿ ಬೆಳ್ಳಿಯ ಚಿಲ್ಲರೆ ಮಾಯವಾದಾಗ, 1915ರಲ್ಲಿ, ಆ ಮಾಲಿಕೆಯ ಕೆಲವು ಚೀಟಿಗಳನ್ನೇ ದಪ್ಪ ಕಾಗದದ ಮೇಲೆ ಅಚ್ಚುಮಾಡಿ ಹಣವಾಗಿ ಚಲಾಯಿಸಿದರು. ಹಾಗೆ ಚಕ್ರವರ್ತಿಗೆ ದುಡಿದ ಕೈಯೇ 1919ರಲ್ಲಿ ತಾಯ್ನಾಡಿಗೆ ಮರಳಿ ಗಣರಾಜ್ಯದ ನೋಟುಗಳನ್ನು ರೂಪಿಸಿತು. ಜನಪದ ಕಸೂತಿ, ನೇಯ್ಗೆಗಳ ವಿನ್ಯಾಸಗಳನ್ನು ಹುಡುಕಿ ಸಂಗ್ರಹಿಸಿದ ಈತ, ದೊರೆಯ ಮುಖವಿರುತ್ತಿದ್ದ ಜಾಗಕ್ಕೆ ತೆನೆಯನ್ನೂ ಹಾಯಿಹಡಗನ್ನೂ ತಂದ.

ಆಗ ಕಾಗದದ ಬರವೂ ಇತ್ತು. ಲಾಟ್ವಿಯದ ಮೊತ್ತಮೊದಲ ಅಂಚೆಚೀಟಿಗಳು 1918ರ ಡಿಸೆಂಬರಿನಲ್ಲಿ ಅಚ್ಚಾದದ್ದು ಜರ್ಮನ್ ಸೈನ್ಯ ಬಿಟ್ಟುಹೋದ ಭೂಪಟಗಳ ಬೆನ್ನ ಮೇಲೆ. 1920ರ ರೆಡ್ ಕ್ರಾಸ್ ಚೀಟಿಗಳಿಗೆ ಇನ್ನೂ ವಿಚಿತ್ರವಾದ ಕಾಗದ ಸಿಕ್ಕಿತು: ಅರ್ಧ ಅಚ್ಚಾಗಿ ಉಳಿದಿದ್ದ ಬೆರ್ಮಾಂಟನ ನೋಟುಗಳು, ರೀಗಾ ಸೋವಿಯತ್ತಿನ ನೋಟುಗಳು. ಸೋತ ಇಬ್ಬರ ಹಣ ಗಾಯಾಳುಗಳ ಸಹಾಯಾರ್ಥ ಚೀಟಿಯಾಯಿತು. ಆ ಚೀಟಿಯೊಂದನ್ನು ಮಗುಚಿದರೆ ನೋಟಿನ ಒಂದು ಚೂರು ಕಾಣುತ್ತದೆ. ಇದನ್ನು ನೋಟಿನ ಆಲ್ಬಮ್ಮಿನಲ್ಲಿಡಬೇಕೋ ಅಂಚೆಚೀಟಿಯದರಲ್ಲಿಡಬೇಕೋ ಎಂಬ ಜಗಳವನ್ನು ನಾನು ಇನ್ನೂ ನನ್ನೊಡನೆಯೇ ಆಡುತ್ತಿದ್ದೇನೆ.

ಯುದ್ಧ ಮುಗಿಯಿತು, ರೂಬಲ್ ಕುಸಿಯಿತು. ಎಲ್ಲೆಡೆ ನಡೆದ ಕಥೆಯೇ ಇದು. ಕಾಲ್ನಿನ್ಷ್ ಮಂತ್ರಿಯಾಗಿ 1921ರಲ್ಲಿ ಮುದ್ರಣಕ್ಕೆ ಕಡಿವಾಣ ಹಾಕಿದ. 1922ರ ಆಗಸ್ಟಿನಲ್ಲಿ 50 ರೂಬಲ್ಲಿಗೆ ಒಂದರಂತೆ ಲಾಟ್ಸ್ ಎಂಬ ಹೊಸ ನಾಣ್ಯ ಬಂತು. ಒಂದು ಲಾಟ್ಸಿಗೆ ಸುಮಾರು 0.29 ಗ್ರಾಂ ಚಿನ್ನದ ಲೆಕ್ಕ. ಹೊಸ ನೋಟಿಗೆ ಕಾಯಲು ವ್ಯವಧಾನವಿರಲಿಲ್ಲವೆಂದು ತೋರುತ್ತದೆ, 500 ರೂಬಲ್ಲಿನ ನೋಟಿನ ಮೇಲೆಯೇ ಕೆಂಪಗೆ ‘ಹತ್ತು ಲಾಟ್ಸ್’ ಎಂದು ಒತ್ತಿ ಹೊರಡಿಸಿದರು. 1948ರಲ್ಲಿ ಪಾಕಿಸ್ತಾನವೂ ನಮ್ಮ ರಿಸರ್ವ್ ಬ್ಯಾಂಕಿನ ನೋಟುಗಳ ಮೇಲೆ ತನ್ನ ಸರಕಾರದ ಹೆಸರನ್ನು ಅಚ್ಚುಮಾಡಿಸಿಕೊಂಡೇ ವ್ಯವಹಾರ ತೊಡಗಿತ್ತು. ಆ ಹತ್ತು ಲಾಟ್ಸಿನ ನೋಟು ಬಹು ದುರ್ಲಭ. ನಾನು ಚಿತ್ರದಲ್ಲಿ ಮಾತ್ರ ಕಂಡಿದ್ದೇನೆ. ಕೊಳ್ಳುವ ಶಕ್ತಿಯಿದ್ದವರು ಆ ಕೆಂಪು ಅಚ್ಚು ಸಾಚಾ ಹೌದೋ ಅಲ್ಲವೋ ಎಂಬುದನ್ನು ಬಲ್ಲವರಿಂದ ಕೇಳಿಯೇ ಕೊಳ್ಳಬೇಕು.

1940ರಲ್ಲಿ ಸೋವಿಯತ್ ಒಕ್ಕೂಟ ದೇಶವನ್ನು ನುಂಗಿತು. 1941ರ ಮಾರ್ಚ್ 25ರಂದು ಮುನ್ಸೂಚನೆಯಿಲ್ಲದೆ ಲಾಟ್ಸ್ ರದ್ದಾಯಿತು; ಮನೆಯಲ್ಲಿ ನೋಟು ಕೂಡಿಟ್ಟಿದ್ದವರ ಗಂಟು ಒಂದೇ ದಿನದಲ್ಲಿ ಬರಿಯ ಕಾಗದವಾಯಿತು. ಜರಿನ್ಷ್ ರೂಪಿಸಿದ ಐದು ಲಾಟ್ಸಿನ ಬೆಳ್ಳಿಯ ನಾಣ್ಯವನ್ನು, ಅದರ ಮೇಲಿನ ಕನ್ಯೆಯ ಮುಖದ ಸಲುವಾಗಿ, ಜನ ಐವತ್ತು ವರ್ಷ ಬಚ್ಚಿಟ್ಟು ಕಾಪಾಡಿದರು.

ಸ್ವಾತಂತ್ರ್ಯ ಮರಳಿದ ಮೇಲೆ ಲಾಟ್ವಿಯ ಮಾಡಿದ್ದೂ ಹಳೆಯದೇ ಕ್ರಮ. 1992ರ ಮೇ ತಿಂಗಳಲ್ಲಿ ಮೊದಲು ತಾತ್ಕಾಲಿಕ ರೂಬಲ್, 1993ರಲ್ಲಿ ಅಂಥ 200ಕ್ಕೆ ಒಂದರಂತೆ ಲಾಟ್ಸ್. ಬ್ಯಾಂಕಿನ ಅಧ್ಯಕ್ಷ ರೆಪ್ಶೆಯವರ ಹೆಸರಿನಿಂದ ಜನ ಆ ರೂಬಲ್ಲನ್ನು ‘ರೆಪ್ಶಿಕ್’ ಎಂದು ಕರೆದರು. 2014ರಲ್ಲಿ ಯೂರೋ ಬಂದು ಲಾಟ್ಸೂ ಹೋಯಿತು. ಲಾಟ್ವಿಯದ ಒಂದು ಯೂರೋ ನಾಣ್ಯದ ಮೇಲೆ ಆ ಕನ್ಯೆಯ ಮುಖ ಉಳಿದುಕೊಂಡಿತು. ರೆಪ್ಶಿಕ್ಕುಗಳು ಇನ್ನೂ ಅಗ್ಗವಾಗಿ ಸಿಗುತ್ತವೆ. ಈ ಹವ್ಯಾಸ ಹತ್ತಿಸಿಕೊಳ್ಳಬೇಕೆನ್ನುವವರು ಅಲ್ಲಿಂದ ತೊಡಗಿ 1919ರ ಕಡೆಗೆ ಹಿಂದಕ್ಕೆ ನಡೆಯಬಹುದು. ಆದರೆ ನೋಟುಗಳನ್ನು ಗೋಂದು ಹಚ್ಚಿ ಅಂಟಿಸಬೇಡಿ.